ಎಂಟರ್‌ಪ್ರೈಸ್‌ನ ಹೇಸರಗತ್ತೆ ಹಬ್ಬ

ಎಂಟರ್‌ಪ್ರೈಸ್, ಒರೆಗಾನ್
ಭಾನುವಾರ, ರಾತ್ರಿ ಹನ್ನೊಂದೂವರೆ



ಅಮೆರಿಕದ ಒರೆಗಾನ್ ರಾಜ್ಯದ ಈಶಾನ್ಯ ಮೂಲೆಯಲ್ಲಿ, ವಲೋವಾ ಬೆಟ್ಟಗಳ ಮಗ್ಗುಲಲ್ಲಿರುವ ಎಂಟರ್‌ಪ್ರೈಸ್ ದನ ಸಾಕುವವರ ಊರು. ಸೆಪ್ಟೆಂಬರಿನ ಮೊದಲ ಸೋಮವಾರ ಈ ದೇಶದ ಕಾರ್ಮಿಕ ದಿನ. ಅದರ ಮುಂದಿನ ವಾರಾಂತ್ಯದಲ್ಲಿ ಇಲ್ಲಿ ಹೆಲ್ಸ್ ಕ್ಯಾನ್ಯನ್ ಮ್ಯೂಲ್ ಡೇಸ್ ಎಂಬ ಹೇಸರಗತ್ತೆ ಹಬ್ಬ ನಡೆಯುತ್ತದೆ. ಹಬ್ಬಕ್ಕೆ ಹೆಸರು ಕೊಟ್ಟ, ಸ್ನೇಕ್ ನದಿ ಕೊರೆದ ಹೆಲ್ಸ್ ಕ್ಯಾನ್ಯನ್ ಕಣಿವೆಯ ಆಳ ಕೆಲವೆಡೆ 2,400 ಮೀಟರ್ ದಾಟುತ್ತದೆ.

ಸುತ್ತಲಿನ ವನ್ಯಪ್ರದೇಶಗಳೊಳಗೆ 1964ರ ಕಾಯ್ದೆಯಂತೆ ಮೋಟಾರು ವಾಹನ ನಿಷಿದ್ಧ. ಕಾಲುದಾರಿ ದುರಸ್ತಿಯ ಸಲಕರಣೆ, ಬಿಡಾರದ ದಿನಸಿ, ಗುಡಾರ ಎಲ್ಲ ಪ್ರಾಣಿಗಳ ಬೆನ್ನ ಮೇಲೆಯೇ ಹೋಗಬೇಕು. ಹೀಗಾಗಿ ಹೇಸರಗತ್ತೆ ಇಲ್ಲಿ ಇಂದಿಗೂ ದುಡಿಯುವ ಪ್ರಾಣಿ.

ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವ ಇದಕ್ಕೆ 63 ವರ್ಣತಂತುಗಳು. ಕುದುರೆಗೆ 64, ಕತ್ತೆಗೆ 62. ಸಂತಾನವಾಗುವುದು ತೀರಾ ಅಪರೂಪ. ಹಠಮಾರಿ ಎಂಬ ಅಪವಾದ ಅನ್ಯಾಯದ್ದು. ನೆಲ ಭದ್ರವಿಲ್ಲವೆನಿಸಿದರೆ ಅದು ಹೆಜ್ಜೆ ಇಡುವುದಿಲ್ಲ, ಅಷ್ಟೆ.

ಹಬ್ಬದಲ್ಲಿ ನಡೆಯುವ ಹೇಸರಗತ್ತೆ ಹರಾಜಿನಲ್ಲಿ ಕೂಗುವವನ ಮಾತು ಹೊಸಬರ ಕಿವಿಗೆ ಹತ್ತದಷ್ಟು ವೇಗ. ನಿಜವಾದ ಪರೀಕ್ಷೆ ಅದಕ್ಕೆ ಮುಂಚೆ, ಬೇಲಿಯ ಬಳಿ ನಡೆಯುತ್ತದೆ. ಕೊಳ್ಳುವವರು ನಾಲ್ಕೂ ಕಾಲು ಎತ್ತಿಸಿ ಗೊರಸು ನೋಡುತ್ತಾರೆ. ಆಮೇಲೆ ಕಿವಿಯ ಬುಡಕ್ಕೆ ಕೈಯಿಡುತ್ತಾರೆ. ಕಿವಿ ಮುಟ್ಟಗೊಡದ ಪ್ರಾಣಿಗೆ ಲಗಾಮು ಹಾಕುವುದೇ ಕಷ್ಟ. ಅಪರಿಚಿತರು ಸುಮ್ಮನೆ ನಿಂತಿದ್ದರೂ ಹಿರಿಯರು ಹತ್ತಿರ ಕರೆದು, ಬೇಸರವಿಲ್ಲದೆ ಇದೆಲ್ಲ ತೋರಿಸಿಕೊಡುತ್ತಾರೆ. ಅವರ ಸೌಜನ್ಯ ದೊಡ್ಡದು.

ಹೊರೆ ಕಟ್ಟುವುದೂ ಒಂದು ವಿದ್ಯೆ. ಸಾಮಾನ್ಯವಾಗಿ 70 ಕಿಲೋ ಆಸುಪಾಸಿನ ಹೊರೆಯನ್ನು ಎರಡು ಪಾಲು ಮಾಡಿ, ಕ್ಯಾನ್ವಾಸಿನಲ್ಲಿ ಸುತ್ತಿ, ತೂಗಿ ಸಮ ಮಾಡುತ್ತಾರೆ. ಒಂದು ಕಡೆ ಭಾರವಾದರೆ ತಡಿ ವಾಲಿ ಬೆನ್ನು ಉಜ್ಜಿ ಹುಣ್ಣಾಗುತ್ತದೆ. ಹೇಸರಗತ್ತೆಗಳ ಸಾಲಿನಲ್ಲಿ ಹಿಂದಿನದರ ಹಗ್ಗವನ್ನು ಮುಂದಿನದರ ತಡಿಗೆ ನೇರವಾಗಿ ಬಿಗಿಯುವುದಿಲ್ಲ. ನಡುವೆ ತೆಳು ಹುರಿಯ ಕುಣಿಕೆ ಇರುತ್ತದೆ. ಒಂದು ಜಾರಿ ಬಿದ್ದರೆ ಹುರಿ ಹರಿದು ಉಳಿದವು ಬದುಕುತ್ತವೆ.

ಊಟದ ಬಗ್ಗೆ ಅಮ್ಮ ಚಿಂತಿಸಬೇಕಾಗಿಲ್ಲ. ಇಲ್ಲಿಯ ವಿಶೇಷ ಸುಟ್ಟ ಮಾಂಸವಾದರೂ ಹುರುಳಿಕಾಯಿ, ಆಲೂಗಡ್ಡೆ, ಬ್ರೆಡ್ಡಿಗೆ ಕೊರತೆಯಿಲ್ಲ.

ಗೌರಿಕುಂಡದಿಂದ ಕೇದಾರಕ್ಕೆ ಯಾತ್ರಿಕರನ್ನು ಹೊರುವ ಖಚ್ಚರುಗಳೂ ಹೇಸರಗತ್ತೆಗಳೇ. ಅತ್ತೆ, ಮಾವ ಯಾತ್ರೆಗೆ ಹೊರಟಾಗ ಹತ್ತುವ ಮುನ್ನ ತಡಿ ಎತ್ತಿಸಿ ಬೆನ್ನು ನೋಡಲಿ. ಹುಣ್ಣಿದ್ದರೆ ಆ ಪ್ರಾಣಿಯನ್ನು ಏರದಿರಲಿ.

ಇತಿ,
ತಮ್ಮ ಮಗಳು