ಐದು ಗುಂಟೆಯ ಲೆಕ್ಕ

ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆ. ಗಣಿತದಲ್ಲಿ ನನಗೆ ಬಂದದ್ದು ನಲವತ್ತಕ್ಕೆ ಒಂಬತ್ತು. ಹತ್ತನೇ ತರಗತಿಯವರೆಗೆ ಬಾಯಿಪಾಠದಿಂದಲೇ ದಾಟಿ ಬಂದವನು ನಾನು. ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಹೋಗುತ್ತೇನೆಂದು ಅರ್ಜಿ ಬರೆದೆ. "ನಾನು ಮುಂದೆ ದೀನಿನ ಓದು ಓದುವವನು, ನನಗೆ ಲೆಕ್ಕ ಯಾಕೆ?" ಎಂದು ಅಬ್ಬಾನ ಹತ್ತಿರ ವಾದವನ್ನೂ ಮಾಡಿದೆ. ಅಬ್ಬಾ ಬೈಯಲಿಲ್ಲ, ಸಹಿಯನ್ನೂ ಹಾಕಲಿಲ್ಲ.

ಆ ವಾರವೇ ತೀರಿಹೋದ ದಾದಾನ ಒಂದು ಎಕರೆ ತೆಂಗಿನ ತೋಟ ಪಾಲಾಗಬೇಕಿತ್ತು. ಮದರಸಾದ ಹಜ್ರತ್ ಮನೆಗೆ ಬಂದು ಕಾಗದ, ಪೆನ್ನು ಕೇಳಿದರು. ಎಕರೆಗೆ 40 ಗುಂಟೆ. ಮಕ್ಕಳಿರುವುದರಿಂದ ದಾದಿಗೆ ಎಂಟನೇ ಒಂದು ಪಾಲು, ಅಂದರೆ 5 ಗುಂಟೆ. ಉಳಿದ 35ರಲ್ಲಿ ಗಂಡುಮಕ್ಕಳಿಗೆ ಎರಡೆರಡು ಭಾಗ, ಹೆಣ್ಣುಮಕ್ಕಳಿಗೆ ಒಂದೊಂದು. ಗಂಡುಮಕ್ಕಳು ಇಬ್ಬರು, ಹೆಣ್ಣುಮಕ್ಕಳು ಮೂವರು, ಒಟ್ಟು ಏಳು ಭಾಗ. ಅಬ್ಬಾ ಮತ್ತು ಚಾಚಾಗೆ 10 ಗುಂಟೆಯಂತೆ, ಅತ್ತೆಯರಿಗೆ 5 ಗುಂಟೆಯಂತೆ ಬಂತು. ಹಜ್ರತ್ ನನ್ನ ಕಡೆ ತಿರುಗಿ, "ನೋಡು ಬೇಟಾ, ಇಲ್ಲಿ ಒಂದು ಭಿನ್ನರಾಶಿ ತಪ್ಪಿದರೆ ಒಬ್ಬ ಮಗಳ ಹಕ್ಕು ಹೋಗುತ್ತದೆ. ಅದಕ್ಕೇ ನಾವೂ ಲೆಕ್ಕ ಕಲಿತದ್ದು" ಎಂದರು.

ಮರುದಿನ ಇದನ್ನು ನಮ್ಮ ಗಣಿತ ಸರ್‌ಗೆ ಹೇಳಿದೆ. ಅವರು ನಕ್ಕು, "ಬೀಜಗಣಿತಕ್ಕೆ ಆಲ್ಜೀಬ್ರ ಎಂಬ ಹೆಸರು ಬಂದದ್ದೇ 9ನೇ ಶತಮಾನದ ಅಲ್-ಖ್ವಾರಿಜ್ಮಿಯ ಪುಸ್ತಕದಿಂದ. ಅದರ ದೊಡ್ಡ ಭಾಗ ಆಸ್ತಿ ಪಾಲಿನ ಲೆಕ್ಕವೇ" ಎಂದರು. ಆಮೇಲೆ, "ಪಾದ್ರಿಗಳೂ ಹೀಗೇ ಕಲಿತವರು" ಎಂದು ಕ್ಲಾವಿಯಸ್ ಕಥೆ ಹೇಳಿದರು.

ಕ್ರಿಸ್ಟೋಫರ್ ಕ್ಲಾವಿಯಸ್ (1538-1612) ಯೇಸುಸಭೆಯ ಗುರು. ರೋಮ್‌ನ ಅವರ ಕಾಲೇಜಿನಲ್ಲಿ ದಶಕಗಳ ಕಾಲ ಗಣಿತ ಕಲಿಸಿದವರು. ಆಗಿನ ಕ್ಯಾಲೆಂಡರಿನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದವಿತ್ತು. ಶತಮಾನಗಳಲ್ಲಿ ಅದು ಬೆಳೆದು 10 ದಿನವಾಗಿ, ಈಸ್ಟರ್ ಹಬ್ಬದ ದಿನವೇ ಜಾರತೊಡಗಿತು. ಸರಿಪಡಿಸುವ ದಾರಿ ಹೇಳಿದವನು ಲಿಲಿಯೊ ಎಂಬ ವೈದ್ಯ. ಅದನ್ನು ಪರಿಶೀಲಿಸಿದ ಸಮಿತಿಯಲ್ಲಿದ್ದು, ಮುಂದೆ ಟೀಕಿಸಿದವರಿಗೆಲ್ಲ ಉತ್ತರ ಬರೆದವರು ಕ್ಲಾವಿಯಸ್. 1582ರಲ್ಲಿ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ನಮ್ಮ ಹಾಜರಿ ಪುಸ್ತಕದ ದಿನಾಂಕ ಇವತ್ತಿಗೂ ಅದೇ ಲೆಕ್ಕದ್ದು.

ನನಗೆ ನಾಟಿದ್ದು ಇನ್ನೊಂದು ಸಂಗತಿ. ಆಗ ಅವರ ಕಾಲೇಜುಗಳಲ್ಲೂ ಗಣಿತಕ್ಕೆ ಮರ್ಯಾದೆ ಕಡಿಮೆಯಿತ್ತು. ತತ್ವಶಾಸ್ತ್ರದ ಮೇಷ್ಟರುಗಳು ಮಕ್ಕಳ ಮುಂದೆ ಗಣಿತವನ್ನು ಹಗುರ ಮಾಡಿ ಮಾತಾಡಬಾರದು, ಗಣಿತದವರಿಗೂ ಸಮನಾದ ಗೌರವ ಸಿಗಬೇಕು ಎಂದು ಕ್ಲಾವಿಯಸ್ ಬರೆದು ಒತ್ತಾಯಿಸಿದರು. 1599ರ ಅವರ ಶಿಕ್ಷಣ ನಿಯಮಾವಳಿಯಲ್ಲಿ ಗಣಿತಕ್ಕೆ ಜಾಗ ಸಿಕ್ಕಿತು.

ಅವರ ಶಿಷ್ಯ ಮತ್ತೇಯೊ ರಿಚ್ಚಿ ನಮ್ಮ ಪಕ್ಕದ ಗೋವಾಕ್ಕೆ 1578ರಲ್ಲಿ ಬಂದು, 1580ರಲ್ಲಿ ಕೊಚ್ಚಿಯಲ್ಲಿ ಗುರುದೀಕ್ಷೆ ಪಡೆದು, ಚೀನಕ್ಕೆ ಹೋದರು. ಅಲ್ಲಿ ಷು ಗುವಾಂಗ್‌ಛಿ ಎಂಬ ವಿದ್ವಾಂಸರೊಡನೆ ಕೂತು, ಕ್ಲಾವಿಯಸ್ ಸಿದ್ಧಪಡಿಸಿದ್ದ ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು 1607ರಲ್ಲಿ ಚೀನೀ ಭಾಷೆಗೆ ತಂದರು. ಅದೇ ಯೂಕ್ಲಿಡ್ 12ನೇ ಶತಮಾನದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೆ ಹೋಗಿದ್ದ. ಗ್ರೀಕರದ್ದನ್ನು ಮುಸ್ಲಿಮರು ಕಾಪಾಡಿದರು, ಅವರಿಂದ ಕ್ರೈಸ್ತರು ಕಲಿತರು, ಅವರಿಂದ ಚೀನದವರು. ಯಾರೂ "ಇದು ನಮ್ಮ ಧರ್ಮದ್ದಲ್ಲ" ಎಂದು ಪುಸ್ತಕ ಮುಚ್ಚಿಡಲಿಲ್ಲ. ಮುಚ್ಚಲು ಹೊರಟವನು ನಾನೊಬ್ಬನೇ!

ಅರ್ಜಿಯನ್ನು ಕೊಡಲಿಲ್ಲ. ಅದರ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿದೆ: ನನಗೆ ಮೂವರ ಬದಲು ನಾಲ್ವರು ಅತ್ತೆಯರಿದ್ದಿದ್ದರೆ? ಎರಡು ಸಲ ತಪ್ಪಿತು. ಮೂರನೇ ಸಲ ಬಂತು: ಒಬ್ಬೊಬ್ಬರಿಗೆ ನಾಲ್ಕು ಗುಂಟೆ ಆರು ಆಣೆ. ಹಜ್ರತ್‌ಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ನೋಡಿ, "ಸರಿಯಾಗಿದೆ" ಎಂದರು.

ಎರಡನೇ ಕಿರುಪರೀಕ್ಷೆಯಲ್ಲಿ ನನಗೆ ಬಂದದ್ದು ಇಪ್ಪತ್ತೊಂದು. ಹೆಚ್ಚೇನಲ್ಲ. ಆದರೆ ಅದರಲ್ಲಿ ಒಂದು ಅಂಕವೂ ಬಾಯಿಪಾಠದ್ದಲ್ಲ.