ಭಾನುವಾರ, ರೂಟ್ 4, ಮತ್ತು ಮಗನ ಕಂಪ್ಯೂಟರ್

ಫೋರ್ಟ್ ಲೀಗೆ ನೀವು ಭಾನುವಾರ ಬಂದರೆ ಒಂದು ವಿಚಿತ್ರ ನೋಡುತ್ತೀರಿ. ಮೇನ್ ಸ್ಟ್ರೀಟ್‌ನ ಕೊರಿಯನ್ ಬೇಕರಿಗಳಲ್ಲಿ ಜನ ತುಂಬಿರುತ್ತಾರೆ, ಹೋಟೆಲುಗಳ ಮುಂದೆ ಸಾಲು ನಿಂತಿರುತ್ತದೆ. ಆದರೆ ಒಂದು ಶರ್ಟೋ, ಕುರ್ಚಿಯೋ, ಕಂಪ್ಯೂಟರೋ ಕೊಳ್ಳಲು ಹೊರಟರೆ ಅಂಗಡಿ ಬಾಗಿಲು ಹಾಕಿರುತ್ತದೆ. ನಮ್ಮ ಬರ್ಗನ್ ಕೌಂಟಿಯಲ್ಲಿ ಭಾನುವಾರ ಇಂಥವನ್ನು ಮಾರುವಂತಿಲ್ಲ ಎಂಬ ಹಳೆಯ ಕಾನೂನು ಇನ್ನೂ ಇದೆ. ಇದನ್ನು ‘ಬ್ಲೂ ಲಾ’ ಅನ್ನುತ್ತಾರೆ. 1993ರಲ್ಲಿ ಮತಕ್ಕೆ ಹಾಕಿದಾಗಲೂ ಇಲ್ಲಿನ ಜನ ಅದನ್ನು ಉಳಿಸಿಕೊಂಡರು. ವಾರಕ್ಕೊಂದು ದಿನವಾದರೂ ರಸ್ತೆಯಲ್ಲಿ ಟ್ರಾಫಿಕ್ ಇಲ್ಲದಿರಲಿ ಎಂಬ ಆಸೆ ಅವರದು.

ಹಾಗಾಗಿ 2025ರ ಬೇಸಿಗೆಯ ಒಂದು ಭಾನುವಾರ, ಹತ್ತು ವರ್ಷದ ಮಗನ ಗೇಮಿಂಗ್ ಕಂಪ್ಯೂಟರಿಗೆ ಬಿಡಿಭಾಗ ತರಲು ನಾವು ಕೌಂಟಿ ದಾಟಬೇಕಾಯಿತು. ರೂಟ್ 4 ಜಾರ್ಜ್ ವಾಷಿಂಗ್ಟನ್ ಸೇತುವೆಯ ಬುಡದಲ್ಲಿ, ನಮ್ಮೂರಲ್ಲೇ ಶುರುವಾಗಿ ಸುಮಾರು 11 ಮೈಲಿ ಪಶ್ಚಿಮಕ್ಕೆ ಹೋಗಿ ಪ್ಯಾಟರ್ಸನ್‌ನಲ್ಲಿ ಮುಗಿಯುತ್ತದೆ. ಪ್ಯಾಟರ್ಸನ್ ಇರುವುದು ಪಸ್ಸಾಯಿಕ್ ಕೌಂಟಿಯಲ್ಲಿ, ಅಲ್ಲಿ ಭಾನುವಾರದ ನಿಷೇಧವಿಲ್ಲ. ಮೈಕ್ರೋ ಸೆಂಟರ್ ಎಂಬ ದೊಡ್ಡ ಕಂಪ್ಯೂಟರ್ ಅಂಗಡಿ ಇರುವುದೂ ಅಲ್ಲೇ.

ಕಂಪ್ಯೂಟರ್ ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ಹೇಳಬೇಕು. ಹಿಂದಿನ ವರ್ಷ ಮೈಸೂರಿಗೆ ಹೋಗಿದ್ದಾಗ ನನ್ನ ಅಕ್ಕನ ಮಗನ ಜೊತೆ ಇವನಿಗೆ ಗಟ್ಟಿ ದೋಸ್ತಿಯಾಯಿತು. ವಾಪಸ್ ಬಂದ ಮೇಲೂ ಇಬ್ಬರೂ ಆನ್‌ಲೈನ್‌ನಲ್ಲಿ ಆಡುತ್ತಿದ್ದರು. ನಿಜ ಹೇಳುತ್ತೇನೆ, ನಾನು ಹತ್ತು ವರ್ಷದಿಂದ ‘ಮನೇಲಿ ಕನ್ನಡ ಮಾತಾಡು’ ಅಂತ ಹೇಳಿ ಸಾಧಿಸದೇ ಇದ್ದದ್ದನ್ನು ಆ ಆಟ ಸಾಧಿಸಿತ್ತು. ‘ಅಣ್ಣಾ, ಹಿಂದೆ ಬಂದ, ಓಡು!’ ಅಂತ ಅವನು ಕೂಗುವುದು ಕೇಳಿದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಆದರೆ ಗುಂಡು ಹೊಡೆಯುವ ಆಟದಲ್ಲಿ ಇವನು ಪ್ರತಿ ಸಲ ಮೊದಲು ಸಾಯುತ್ತಿದ್ದ. ಒಂದು ದಿನ ಅಣ್ಣನ ಗೆಳೆಯರು ಇವನನ್ನು ಟೀಮಿನಿಂದ ತೆಗೆದರು. ‘ನನ್ನ ಲ್ಯಾಪ್‌ಟಾಪ್ ಹಳೇದು, ಅದಕ್ಕೇ’ ಅಂತ ಅತ್ತು, ಹುಟ್ಟುಹಬ್ಬದ ದುಡ್ಡೆಲ್ಲ ಸೇರಿಸಿ 180 ಡಾಲರ್ ನನ್ನ ಕೈಗಿಟ್ಟ. ಉಳಿದದ್ದು ನಾವು ಹಾಕುವುದು, ಒಟ್ಟು 1,200 ಡಾಲರ್ ಮೀರಬಾರದು ಎಂದು ತೀರ್ಮಾನವಾಯಿತು.

ಹೊರಡುವ ಹಿಂದಿನ ರಾತ್ರಿ ನಾನು ಒಂದು ಕೆಲಸ ಮಾಡಿದೆ. ಲ್ಯಾಬಿನಲ್ಲಿ ದಿನವಿಡೀ ಸಿಗ್ನಲ್ ಅಳೆಯುವವಳಿಗೆ ಅದು ಅಭ್ಯಾಸ. ಅವರು ಆಡುತ್ತಿದ್ದ ಸರ್ವರ್ ಮುಂಬೈಯಲ್ಲಿತ್ತು. ಅಲ್ಲಿಗೆ ಒಂದು ಸಂದೇಶ ಹೋಗಿ ಬರಲು ಎಷ್ಟು ಹೊತ್ತು ಎಂದು ನೋಡಿದೆ. ಸುಮಾರು 220 ಮಿಲಿಸೆಕೆಂಡ್. ಇದರಲ್ಲಿ ನಮ್ಮ ಕಂಪ್ಯೂಟರಿನ ತಪ್ಪು ಏನೂ ಇಲ್ಲ. ಗಾಜಿನ ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಹೋಗುತ್ತದೆ. ಇಲ್ಲಿಂದ ಮುಂಬೈಗೆ ನೇರ ಗೆರೆ ಎಳೆದರೂ ಸುಮಾರು 12,500 ಕಿ.ಮೀ. ಹೋಗಿ ಬರಲು 125 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದಡಿಯ ಕೇಬಲ್ಲುಗಳು ಸುತ್ತಿ ಬಳಸಿ ಹೋಗುವುದರಿಂದ ಇನ್ನೂ ಹೆಚ್ಚು. ಸರ್ವರನ್ನು ಈ ಕಡೆ ಇಟ್ಟರೆ ಅದೇ ತಡ ಅಣ್ಣನಿಗೆ. ಎಷ್ಟು ದುಬಾರಿ ಕಾರ್ಡ್ ಹಾಕಿದರೂ ಇದು ಹೋಗುವುದಿಲ್ಲ.

ಇದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಕಾರಿನಲ್ಲಿ ಅವನು ತನ್ನ ಪಟ್ಟಿ ಓದುತ್ತಾ ಕೂತಿದ್ದ. ಟೀನೆಕ್, ಹ್ಯಾಕೆನ್‌ಸ್ಯಾಕ್ ದಾಟಿ, ಪರಾಮಸ್‌ನಲ್ಲಿ ಬೇರೆ ದಿನ ಇರುವೆ ಹೋಗಲೂ ಜಾಗವಿಲ್ಲದ ಮಾಲ್ ಖಾಲಿ ನಿಂತಿದ್ದನ್ನು ನೋಡುತ್ತಾ ಹೋದೆವು. ನಾನು ಅಂಗಡಿಗೆ ತಿರುಗದೆ ಮೊದಲು ಜಲಪಾತಕ್ಕೆ ಕರೆದುಕೊಂಡು ಹೋದೆ.

ಪ್ಯಾಟರ್ಸನ್‌ನ ಗ್ರೇಟ್ ಫಾಲ್ಸ್ ನೀವು ನೋಡಿರದಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಊರ ನಡುವೆ 77 ಅಡಿ ಎತ್ತರದಿಂದ ಪಸ್ಸಾಯಿಕ್ ನದಿ ಬೀಳುತ್ತದೆ. ಈ ನೀರಿನ ಬಲದಿಂದ ಕಾರ್ಖಾನೆ ನಡೆಸಬೇಕೆಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಜೊತೆಗಾರರು 1790ರ ದಶಕದಲ್ಲಿ ಈ ಊರನ್ನೇ ಕಟ್ಟಿಸಿದರು. ನಮ್ಮ ಶಿವನಸಮುದ್ರದ ನೀರಿನಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದ ಕಥೆಯನ್ನು ಮಗನಿಗೆ ಹೇಳಿದೆ. ಆಮೇಲೆ ಅಲ್ಲೇ ಕಟಕಟೆ ಹಿಡಿದು ನಿಂತು, ಅಳೆದದ್ದನ್ನೂ ಹೇಳಿದೆ.

‘ಹಾಗಾದ್ರೆ ಏನು ತಗೊಂಡ್ರೂ ಲ್ಯಾಗ್ ಹೋಗಲ್ವಾ ಅಮ್ಮಾ?’

‘ಮೈಸೂರಿನ ಜೊತೆ ಆಡುವಾಗ ಹೋಗಲ್ಲ ಪುಟ್ಟಾ.’

ಬಹಳ ಹೊತ್ತು ನೀರು ನೋಡಿದ. ಆಮೇಲೆ ಕೇಳಿದ ಪ್ರಶ್ನೆ ನನ್ನ ಲ್ಯಾಬಿನಲ್ಲಿ ಕೇಳುವಂಥದ್ದು: ‘ಯಾವ ಆಟಕ್ಕೆ ಲ್ಯಾಗ್ ಇದ್ರೂ ಪರ್ವಾಗಿಲ್ಲ?’

ಮೈನ್‌ಕ್ರಾಫ್ಟ್‌ನಲ್ಲಿ ಮನೆ ಕಟ್ಟುವುದಕ್ಕೆ, ಸರದಿಯ ಮೇಲೆ ಆಡುವ ಆಟಕ್ಕೆ, ಚೆಸ್ಸಿಗೆ ಕಾಲು ಸೆಕೆಂಡಿನ ತಡ ಲೆಕ್ಕಕ್ಕಿಲ್ಲ. ಮಾತಿಗೂ ಅಷ್ಟೇ. ಗುಂಡಿನ ಆಟವನ್ನು ಇಲ್ಲಿನ ಸ್ನೇಹಿತರ ಜೊತೆ ಆಡಬಹುದು. ಕಾರಿನಲ್ಲಿ ಕೂತು ಪಟ್ಟಿಯನ್ನು ಮತ್ತೆ ಬರೆದೆವು. ನಿಮ್ಮ ಮನೆಯಲ್ಲೂ ಈ ಮಾತು ಬರಬಹುದು, ಅದಕ್ಕೆ ನಮ್ಮ ಲೆಕ್ಕ ಹೇಳುತ್ತೇನೆ.

ಮೊದಲು ಮಾನಿಟರ್ ನೋಡಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು, 1440ಪಿಯಲ್ಲಿ ಸುಮಾರು 36.9 ಲಕ್ಷ. ಗ್ರಾಫಿಕ್ಸ್ ಕಾರ್ಡಿನ ಕೆಲಸ ಅದರ ಮೇಲೆ ನಿಂತಿದೆ. ನಮ್ಮಲ್ಲಿದ್ದದ್ದು ಹಳೆಯ 1080ಪಿ, 60 ಹರ್ಟ್ಸ್. 144 ಹರ್ಟ್ಸ್‌ನದು ತಗೊಂಡರೆ ಒಂದು ಚಿತ್ರದಿಂದ ಇನ್ನೊಂದಕ್ಕೆ 16.7ರ ಬದಲು 6.9 ಮಿಲಿಸೆಕೆಂಡ್, ಅಂದರೆ ಉಳಿತಾಯ ಹತ್ತು. ಎದುರಿಗೆ ಇನ್ನೂರಿಪ್ಪತ್ತು ಕೂತಿರುವಾಗ ಸದ್ಯಕ್ಕೆ ಬೇಡ ಎಂದು ಅವನೇ ಹೊಡೆದು ಹಾಕಿದ.

ಗ್ರಾಫಿಕ್ಸ್ ಕಾರ್ಡಿಗೆ ಒಟ್ಟು ಬಜೆಟ್ಟಿನ ಮೂರನೇ ಒಂದು ಭಾಗ ಇಡುವುದು ವಾಡಿಕೆ. ಅವನ ಪಟ್ಟಿಯಲ್ಲಿದ್ದದ್ದು 549 ಡಾಲರ್ ಘೋಷಿತ ಬೆಲೆಯ ಆರ್‌ಎಕ್ಸ್ 9070. ಇಳಿದದ್ದು 349 ಡಾಲರಿನ ಆರ್‌ಎಕ್ಸ್ 9060 ಎಕ್ಸ್‌ಟಿಗೆ. ಇದರಲ್ಲಿ 8 ಮತ್ತು 16 ಜಿಬಿಯ ಎರಡು ಬಗೆ ಇವೆ. ಹೊಸ ಆಟಗಳು ಕಾರ್ಡಿನ ಮೆಮೊರಿಯನ್ನು ಹೆಚ್ಚು ಕೇಳುತ್ತವೆ, ಸ್ವಲ್ಪ ದುಡ್ಡು ಉಳಿಸಲು ಹೋಗಿ 8 ಜಿಬಿಯದು ತರಬೇಡಿ.

ಪ್ರೊಸೆಸರ್ ಆರು ಕೋರಿನ ರೈಜನ್ 5 7600. ಫ್ಯಾನ್ ಜೊತೆಗೇ ಬರುತ್ತದೆ. ಬಿ650 ಮದರ್‌ಬೋರ್ಡ್. ಅದರ ಎಎಂ5 ಸಾಕೆಟ್ಟಿಗೆ ಮುಂದೆ ಬೇರೆ ಪ್ರೊಸೆಸರ್ ಹಾಕಬಹುದು. ಮೆಮೊರಿ 32 ಜಿಬಿ ಡಿಡಿಆರ್5, 16ರ ಎರಡು ಕಡ್ಡಿ. ಈ ಮೂರನ್ನೂ ಒಟ್ಟಿಗೆ ಕಟ್ಟಿ ಕಡಿಮೆಗೆ ಕೊಡುವ ಬಂಡಲ್ ಅಂಗಡಿಯಲ್ಲಿತ್ತು. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಪವರ್ ಸಪ್ಲೈ 650 ವಾಟ್ ಸಾಕು: ಕಾರ್ಡಿಗೆ 160, ಪ್ರೊಸೆಸರಿಗೆ ಹೆಚ್ಚೆಂದರೆ 90ರ ಆಸುಪಾಸು. ಆದರೆ ಹೆಸರಿಲ್ಲದ ಅಗ್ಗದ್ದು ಬೇಡ, ಅದು ಕೆಟ್ಟರೆ ಪಕ್ಕದವನ್ನೂ ಕೆಡಿಸಬಹುದು. ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದಾಗಿರಲಿ, ಗಾಳಿ ಆಡಬೇಕು. ಎಲ್ಲ ಸೇರಿ ಸಾವಿರ ಡಾಲರ್ ಆಸುಪಾಸಿಗೆ ಬಂತು. ಮೇಲೆ ನ್ಯೂಜೆರ್ಸಿಯ 6.625 ಶೇಕಡಾ ತೆರಿಗೆ, ಅದನ್ನು ಮರೆಯಬೇಡಿ.

ಅಂಗಡಿಯ ಸಾಲುಗಳ ನಡುವೆ ನನಗೆ ಎಸ್.ಪಿ. ರೋಡ್ ನೆನಪಾಯಿತು. 2007ರಲ್ಲಿ ಇಂಜಿನಿಯರಿಂಗ್ ಸೇರಿದಾಗ ನಮ್ಮಪ್ಪ ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಬೆಂಗಳೂರಿನ ಆ ಇಕ್ಕಟ್ಟು ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿ, ರ‍್ಯಾಮಿಗೆ ನೂರು ರೂಪಾಯಿ ಚೌಕಾಸಿ ಮಾಡಿದ್ದರು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಮಗಳಿಗೆ ಬೇಕು ಅನ್ನುವುದಷ್ಟೇ ಗೊತ್ತಿತ್ತು.

ಉಳಿದ ದುಡ್ಡಿನಲ್ಲಿ ಮಗ ಮೈಕ್ ಇರುವ ಒಳ್ಳೆಯ ಹೆಡ್‌ಸೆಟ್ ಎತ್ತಿಕೊಂಡ. ಆಮೇಲೆ ಇನ್ನೊಂದು. ‘ಇದು ಅಣ್ಣಂಗೆ. ಅವನ ಮೈಕ್ ಕೆಟ್ಟಿದೆ, ಸರಿಯಾಗಿ ಕೇಳ್ಸಲ್ಲ.’

ಆ ಸಂಜೆ ಊಟದ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದೆವು. ನೀವು ಜೋಡಿಸುವಾಗ ಮೂರು ಮಾತು ನೆನಪಿಡಿ. ಎರಡು ಕಡ್ಡಿ ಮೆಮೊರಿಯನ್ನು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಜಾಗಕ್ಕೆ ಹಾಕಿ. ಮಾನಿಟರಿನ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ, ಮದರ್‌ಬೋರ್ಡಿಗಲ್ಲ. ಮೂರನೆಯದು, ಮೊದಲ ಸಲ ಹಚ್ಚಿದಾಗ ಪರದೆ ಕೆಲವು ನಿಮಿಷ ಕಪ್ಪಾಗೇ ಇರಬಹುದು. ಹೊಸ ಮೆಮೊರಿಯನ್ನು ಅದು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ನಮಗೆ ಇದು ಗೊತ್ತಿದ್ದೂ ಆ ನಿಮಿಷಗಳಲ್ಲಿ ಮೂವರೂ ಉಸಿರು ಬಿಗಿ ಹಿಡಿದಿದ್ದೆವು. ಕೊನೆಗೆ ಅಕ್ಷರ ಮೂಡಿದಾಗ ಮಗ ಕುಣಿದ ರಭಸಕ್ಕೆ ಕೆಳಗಿನ ಮನೆಯವರು ಸೂರು ತಟ್ಟಿದರು.

ಈಗ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಮೈಸೂರಿನಲ್ಲಿ ಸಂಜೆ ಆರೂವರೆಗೆ, ಇಬ್ಬರೂ ಕೂರುತ್ತಾರೆ. ಮೈನ್‌ಕ್ರಾಫ್ಟ್‌ನಲ್ಲಿ ಒಂದು ಊರು ಕಟ್ಟುತ್ತಿದ್ದಾರೆ. ಒಂದು ಕಡೆ ನಮ್ಮ ಕಿಟಕಿಯಿಂದ ಕಾಣುವ ಸೇತುವೆ, ಇನ್ನೊಂದು ಕಡೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಗುಂಡಿನ ಆಟದ ಆ ಟೀಮಿಗೆ ಇವನನ್ನು ಮತ್ತೆ ಯಾರೂ ಕರೆದಿಲ್ಲ, ಕೆಲವೊಮ್ಮೆ ಅದು ಅವನಿಗೆ ನೋಯುತ್ತದೆ. ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಾ ಕೇಳಿಸಿಕೊಳ್ಳುತ್ತೇನೆ: ‘ಅಣ್ಣಾ, ಇನ್ನೂ ಎಷ್ಟು ಮೆಟ್ಲು ಬಾಕಿ?’

ಸಾವಿರಕ್ಕೂ ಮಿಕ್ಕಿ ಮೆಟ್ಟಿಲಿದೆ ಆ ಬೆಟ್ಟಕ್ಕೆ. ಬೇಗ ಮುಗಿಯುವ ಹಾಗಿಲ್ಲ.