ತುಟಿಗೊಪ್ಪುವ ಬಟ್ಟಲು

ಬೇಸ್ ಟ್ರಾಂಬೋನಿಗೆ ಮೌತ್‌ಪೀಸ್, ಅಂದರೆ ತುಟಿಯಿಟ್ಟು ಊದುವ ಬಟ್ಟಲು, ಕೊಳ್ಳಹೊರಟ ಹುಡುಗರು ಮೊದಲು ಮಾಡುವ ಕೆಲಸವೆಂದರೆ ಎದೆ ತುಂಬ ಉಸಿರೆಳೆದು ಜೋರಾಗಿ ಊದುವುದು. ಗೋಡೆ ಅದುರಿತೆಂದರೆ ಮುಗಿಯಿತು, ಇದೇ ಇರಲಿ ಎಂದು ದುಡ್ಡು ಎಣಿಸುತ್ತಾರೆ. ಜೋರಾಗಿ ಊದಿದರೆ ಎಂಥ ಮೌತ್‌ಪೀಸೂ ಗದ್ದಲ ಮಾಡುತ್ತದೆ. ಅದು ತುಟಿಗೆ ಒಗ್ಗಿತೋ ಇಲ್ಲವೋ ತಿಳಿಯಬೇಕಾದರೆ ಮೆಲ್ಲಗೆ, ತೀರ ಕೆಳಗಿನ ಸ್ವರದಲ್ಲಿ, ಬಹಳ ಹೊತ್ತು ನಿಲ್ಲಬೇಕು. ನಮ್ಮ ಕಡೆಯ ಗಾಯಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ, ಬೆಳಗಾವಿಯ ಹಳೆಯ ಗುರುಗಳು ನಸುಕಿನಲ್ಲಿ ಶಿಷ್ಯರನ್ನು ಎಬ್ಬಿಸಿ ಮಾಡಿಸುತ್ತಿದ್ದ ಖರ್ಜದ ಸಾಧನೆ ಇದೇ. ಕೊರಳಿಗೆ ಒಪ್ಪಿದ ಆ ಪರೀಕ್ಷೆಯನ್ನು ತುಟಿಗೂ ಒಡ್ಡಬೇಕೆಂಬುದು ನನ್ನ ಹಟ.

ಖರ್ಜವೆಂದರೂ ಈ ವಾದ್ಯದ್ದು ಇನ್ನೂ ಕೆಳಗಿನದು. ಕಾಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯಲ್ಲಿ, ಹಾಡುವ ಗಾಯಕನ ತಂಬೂರಿಯಲ್ಲಿ ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಟ್ರಾಂಬೋನಿನ ಸ್ಲೈಡನ್ನು ಪೂರ್ತಿ ಒಳಗಿಟ್ಟು ಊದುವ ಅತಿ ಕೆಳಗಿನ ಸ್ವರದಲ್ಲಿ, ಅಂದರೆ ಪೆಡಲ್ ಸ್ವರದಲ್ಲಿ, ತುಟಿ ಕಂಪಿಸುವುದು 58 ಸಲ. ಬೇಸ್ ಟ್ರಾಂಬೋನಿನ ಕೊಳವೆಯ ಉದ್ದ ಟೆನರ್ ಟ್ರಾಂಬೋನಿನಷ್ಟೇ, ಸುಮಾರು 2.7 ಮೀಟರ್. ಆದರೆ ಕೊಳವೆ ಅಗಲ, ಗಂಟೆ ದೊಡ್ಡದು, ಎಡಗೈಯಲ್ಲಿ ಒತ್ತುವ ವಾಲ್ವುಗಳು ಸಾಮಾನ್ಯವಾಗಿ ಎರಡು. ಅಷ್ಟು ನಿಧಾನವಾಗಿ ಕಂಪಿಸಬೇಕಾದ ತುಟಿಗೆ ಬಟ್ಟಲಿನಲ್ಲಿ ಜಾಗ ಬೇಕಾಗುತ್ತದೆ. ಎಷ್ಟು ಜಾಗ ಎಂದು ತಿಳಿಯಲು ಜೇಬಿಗೆ ಕೈ ಹಾಕಿದರೆ ಸಾಕು. 2011ರ ಸರಣಿಯ ಎರಡು ರೂಪಾಯಿ ನಾಣ್ಯ 25 ಮಿಲಿಮೀಟರ್, ಟೆನರ್ ಮೌತ್‌ಪೀಸಿನ ಒಳಬಾಯಿ ಹೆಚ್ಚುಕಡಿಮೆ ಅಷ್ಟೇ. ಹತ್ತು ರೂಪಾಯಿಯದು 27 ಮಿಲಿಮೀಟರ್. ಬೇಸ್‌ನ ಅಳತೆಗಳು ಅಲ್ಲಿಂದ ಮೇಲಕ್ಕೆ. ಎರಡೂ ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ನೋಡಿ, ಅಂಚಿನಲ್ಲಿ ಉಳಿಯುವ ಆ ಕಿರಿದಾದ ಬಳೆಯಷ್ಟರಲ್ಲೇ ಊದುವವನ ಸುಖದುಃಖವೆಲ್ಲ ಇದೆ.

ನಾನು ಅಭ್ಯಾಸಕ್ಕೆ ಕೂರುವುದು ಕಣಕುಂಬಿಯಲ್ಲಿ, ಅದೂ ಮಳೆಗಾಲದಲ್ಲಿ. ಬೆಳಗಾವಿ ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಊರುಗಳಲ್ಲಿ ಇದೂ ಒಂದು. ಸಮುದ್ರಮಟ್ಟದಿಂದ 792 ಮೀಟರ್ ಎತ್ತರದಲ್ಲಿ ಮಲಪ್ರಭೆ ಹುಟ್ಟುವ ನೆಲ. ಹೆಂಚಿನ ಮೇಲೆ ಮಳೆ ಬೀಳುತ್ತಿರುವಾಗ ಪೆಡಲ್ ಸ್ವರವನ್ನು ಎಷ್ಟು ಹೊತ್ತು ಹಿಡಿದರೂ ನೆರೆಮನೆಯವರಿಗೆ ತೊಂದರೆಯಿಲ್ಲ. ಊರ ಮೇಲೆ ಹಾಯುವ ರಸ್ತೆ ಚೋರ್ಲಾ ಘಾಟಿಯಿಳಿದು ಗೋವೆ ಸೇರುತ್ತದೆ. ಘಟ್ಟದ ಕೆಳಗೆ, ಪೋರ್ಚುಗೀಸರ ಕಾಲದ ಚರ್ಚು ಶಾಲೆಗಳಲ್ಲಿ ಮಕ್ಕಳು ಪಾಠದ ಜೊತೆಗೇ ಸ್ವರಲಿಪಿ ಕಲಿಯುತ್ತಿದ್ದರು. ಅಲ್ಲಿ ಕಲಿತವರೇ ಮುಂದೆ ಮುಂಬಯಿಯ ಸಿನಿಮಾ ವಾದ್ಯಮೇಳಗಳನ್ನು ತುಂಬಿದರು. ಘಟ್ಟದ ಮೇಲೆ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇದೆ. ಅದರ ಲಾಂಛನದಲ್ಲಿ ಕತ್ತಿಗಳ ಜೊತೆಗೆ ಬ್ಯೂಗಲ್ ಕೂಡ ಉಂಟು. ಮದುವೆಯ ಬ್ಯಾಂಡಿನವರ ಹಿತ್ತಾಳೆ ವಾದ್ಯಗಳ ತವರು ಉತ್ತರದ ಮೀರತ್, ಅಲ್ಲಿಯ ಜಾಲಿ ಕೋಠಿ ಬಡಾವಣೆ. ಹೀಗೆ ಹಿತ್ತಾಳೆಯ ದನಿ ಈ ಸೀಮೆಗೆ ಹೊಸದಲ್ಲ. ಆದರೂ ಊದುವವನ ತುಟಿಯ ಬಗ್ಗೆ ಇಲ್ಲಿ ಯಾರೂ ಮಾತಾಡುವುದಿಲ್ಲವಲ್ಲ ಎಂಬ ಕೊರಗು ನನ್ನದು. ವಾದ್ಯದ ಜೊತೆ ಬಂದ ಮೌತ್‌ಪೀಸನ್ನೇ ಕೊನೆಯವರೆಗೂ ಊದುತ್ತಾರೆ. ನೋವಾದರೆ ಅದು ಕಸುಬಿನ ಪಾಲು ಎಂದುಕೊಳ್ಳುತ್ತಾರೆ.

ಶಹನಾಯಿಯವರನ್ನು ನೋಡಿ. ಅವರ ವಾದ್ಯಕ್ಕೆ ದಾರದಲ್ಲಿ ಕಟ್ಟಿದ ಬದಲಿ ಪತ್ತಿಗಳು ತೂಗಾಡುತ್ತಿರುತ್ತವೆ. ಒಂದನ್ನು ಬಾಯಲ್ಲಿ ನೆನೆಸಿ, ಒಪ್ಪದಿದ್ದರೆ ತೆಗೆದು, ಇನ್ನೊಂದನ್ನು ಸಿಕ್ಕಿಸಿ, ಸಭೆಯನ್ನು ಕಾಯಿಸಿಯಾದರೂ ಸರಿಯಾದದ್ದನ್ನೇ ಹುಡುಕುತ್ತಾರೆ. ಬಾಯಿಗೆ ತಾಗುವ ಭಾಗದ ಮೇಲೆ ಅಷ್ಟು ಕಾಳಜಿ ಇರುವ ನಾಡಿನಲ್ಲಿ ಟ್ರಾಂಬೋನಿನವನಿಗೂ ಆ ಹಕ್ಕು ಇರಬೇಕು.

ತಾಗುವ ಭಾಗವೆಂದರೆ ಮುಖ್ಯವಾಗಿ ಅಂಚು. ಅಗಲವಾದ, ಚಪ್ಪಟೆ ಅಂಚು ಒತ್ತಡವನ್ನು ಹಂಚಿಕೊಳ್ಳುತ್ತದೆ, ಕೂತ ಕೂಡಲೇ ಹಿತವೆನಿಸುತ್ತದೆ. ಆದರೆ ಅದರೊಳಗೆ ತುಟಿ ಸುಲಭವಾಗಿ ಅಲುಗುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವಾಗ ತೊಡಕು. ಕಿರಿದಾದ ದುಂಡು ಅಂಚಿನಲ್ಲಿ ತುಟಿಗೆ ಸ್ವಾತಂತ್ರ್ಯವಿದೆ, ಒತ್ತಿ ಊದುವ ಚಾಳಿಯವರಿಗೆ ಮಾತ್ರ ಅದು ಕಚ್ಚುತ್ತದೆ. ಒಳಬದಿಯ ಏಣು ತುಸು ಚೂಪಾಗಿದ್ದರೆ ಸ್ವರದ ಆರಂಭ ಸ್ಪಷ್ಟ. ಬಟ್ಟಲು ಆಳವಾದಷ್ಟೂ ನಾದ ಗಂಭೀರ. ಅದರ ತಳದ ರಂಧ್ರ ದೊಡ್ಡದಾದಷ್ಟೂ ಉಸಿರು ಬೇಗ ಖಾಲಿ. ತುಟಿಯ ದಪ್ಪ, ಮುಂದಿನ ಹಲ್ಲುಗಳ ಸಾಲು ಒಬ್ಬೊಬ್ಬರದು ಒಂದೊಂದು ಥರ ಇರುವುದರಿಂದ ಗೆಳೆಯನ ಮೌತ್‌ಪೀಸು ನಮಗೂ ಒಪ್ಪೀತೆಂಬ ಭರವಸೆಯಿಲ್ಲ.

ಮೌತ್‌ಪೀಸಿನ ಅಳತೆ ಸೂಚಿಸುವ ಅಂಕಿಗಳೂ ದಾರಿ ತಪ್ಪಿಸುತ್ತವೆ. ಆಸ್ಟ್ರಿಯಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಟ್ರಂಪೆಟ್ ವಾದಕ ವಿನ್ಸೆಂಟ್ ಬಾಕ್ 1918ರಲ್ಲಿ ಮೌತ್‌ಪೀಸ್ ತಯಾರಿಕೆಗಿಳಿದರು. ಅವರ ಪಟ್ಟಿಯಲ್ಲಿ ಅಂಕಿ ಇಳಿದಷ್ಟೂ ಬಾಯಿ ದೊಡ್ಡದು: 1½ಜಿ ಸುಮಾರು 27 ಮಿಲಿಮೀಟರ್, 1¼ಜಿ ಅದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು, 1ಜಿ 28. ಲಂಡನ್ನಿನ ಡೆನಿಸ್ ವಿಕ್ ಅವರದೂ ಇದೇ ಕ್ರಮ. ಶಿಕಾಗೋ ಕಡೆಯ ಶಿಲ್ಕಿ ಕಂಪನಿಯಲ್ಲಿ ತದ್ವಿರುದ್ಧ, 58ಕ್ಕಿಂತ 60 ದೊಡ್ಡದು. ಟೆನರ್‌ನಿಂದ ಬೇಸ್‌ಗೆ ಬರುವವರು ನೇರವಾಗಿ ಅತಿ ದೊಡ್ಡದಕ್ಕೆ ಹಾರುವುದನ್ನು ಕಂಡಾಗಲೆಲ್ಲ ನನಗೆ ಸಂಕಟ. ಕೆಳಸ್ವರಗಳು ಮೊದಮೊದಲು ಸಲೀಸಾಗಿ ಬರುತ್ತವೆ ನಿಜ. ಆಮೇಲೆ ಬಾಯಿಯ ಅಂಚಿನ ಸ್ನಾಯುಗಳು ಸೋತು, ನಡುಸ್ಥಾಯಿಯ ಸ್ವರಗಳು ಹರಡಿಕೊಂಡು, ಶ್ರುತಿ ಕುಸಿಯುತ್ತದೆ. 1½ಜಿಯಂಥದರಿಂದ ಶುರುಮಾಡಿ, ಅದರಲ್ಲಿ ತುಟಿಗೆ ಜಾಗ ಸಾಲದೆಂದು ಖಚಿತವಾದ ಮೇಲೆ ಅರ್ಧ ಮಿಲಿಮೀಟರ್ ಏರುವುದೇ ಒಳ್ಳೆಯದು. ನಾನು 1½ಜಿಯಲ್ಲೇ ನಿಂತವನು, ಏರಬೇಕೆನಿಸಿಲ್ಲ.

ಇನ್ನೊಂದು, ಇಲ್ಲಿಯ ಹವೆಗೆ ಸಂಬಂಧಿಸಿದ್ದು. ಮೌತ್‌ಪೀಸಿನ ಬೆಳ್ಳಿಯ ಲೇಪ ಸವೆದು ಹಿತ್ತಾಳೆ ಹೊರಗೆ ಕಂಡಿತೆಂದರೆ ನಮ್ಮ ಜೌಗು ಗಾಳಿಯಲ್ಲಿ ಬಲುಬೇಗ ಕಿಲುಬು ಹತ್ತುತ್ತದೆ, ಕೆಲವರ ತುಟಿ ಉರಿದು ಗುಳ್ಳೆ ಏಳುತ್ತದೆ. ಮರುಲೇಪ ಮಾಡಿಸಬೇಕು, ಇಲ್ಲವೇ ಬದಲಿಸಬೇಕು. ಬೆಳ್ಳಿಯೇ ಒಗ್ಗದವರಿಗೆ ಚಿನ್ನದ ಲೇಪದ್ದೂ ಸಿಗುತ್ತದೆ, ತುಟಿ ಅದರ ಮೇಲೆ ಇನ್ನಷ್ಟು ನುಣ್ಣಗೆ ಜಾರುತ್ತದೆ.

ಹೊರದೇಶದ ಮೌತ್‌ಪೀಸುಗಳಿಗೆ ಸಾವಿರಾರು ರೂಪಾಯಿ. ನಾಲ್ಕನ್ನು ಕೊಂಡು ಮೂರನ್ನು ಬಿಡುವ ಶಕ್ತಿ ನಮ್ಮ ಬ್ಯಾಂಡಿನ ಹುಡುಗರಿಗೆಲ್ಲಿದೆ? ಬೆಳಗಾವಿಯ ವಾದ್ಯಮೇಳಗಳು, ಚರ್ಚಿನ ತಂಡಗಳು ಕೈಜೋಡಿಸಿ ನಾಲ್ಕಾರು ಅಳತೆಯವನ್ನು ಒಂದು ಡಬ್ಬಿಯಲ್ಲಿ ಇಟ್ಟರೆ ಎಷ್ಟು ಅನುಕೂಲ! ಸೋಪಿನ ಬಿಸಿನೀರಿನಲ್ಲಿ ತೊಳೆದು ಒಂದೊಂದನ್ನು ಒಬ್ಬೊಬ್ಬರಿಗೆ ತಿಂಗಳ ಮಟ್ಟಿಗೆ ಕೊಡಬಹುದು. ದಿನಾ ಮುಂಜಾನೆ ಖರ್ಜ ಹಿಡಿದು ನೋಡಿ, ಯಾವುದು ತನ್ನದೆಂದು ಹುಡುಗನೇ ಹೇಳುತ್ತಾನೆ. ಇಂಥ ಡಬ್ಬಿಯೊಂದು ಶುರುವಾಗುವುದಾದರೆ ನನ್ನಲ್ಲಿರುವ ಟೆನರ್ ಮೌತ್‌ಪೀಸುಗಳನ್ನು ಮೊದಲು ನಾನೇ ತಂದು ಹಾಕುತ್ತೇನೆ.